ಸೋಲು, ಸೋಲು, ಗೆಲುವು, ಗೆಲುವು, ಸೋಲು

ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯ ಹಳ್ಳಿಗಳ ಜಾತ್ರೆಯಲ್ಲಿ ನಿಕಾಲಿ ಕುಸ್ತಿ ನಡೆದಾಗ ತೀರ್ಪು ಒಂದೇ ಸಲಕ್ಕೆ ಮುಗಿದುಹೋಗುತ್ತದೆ. ಬೆನ್ನು ಮಣ್ಣಿಗೆ ತಾಗಿತೆಂದರೆ ತಾಗಿತು. ಗೆದ್ದವನು ಪಟಕಾ ಸುತ್ತಿಸಿಕೊಂಡು ಹೊರಟ, ಸೋತವನು ಮೈಮೇಲಿನ ಮಣ್ಣು ಒರೆಸಿಕೊಂಡು ಹೊರಟ. ಇದೇ ಜೋಡಿ ನಾಳೆ ಇನ್ನೊಮ್ಮೆ, ನಾಡಿದ್ದು ಮತ್ತೊಮ್ಮೆ, ಹೀಗೆ ಐದು ಸಲ ಸೆಣಸಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಕಣದ ಸುತ್ತ ಕೂತವರಿಗೆ ಹೊಳೆಯುವುದೂ ಇಲ್ಲ.

ಕ್ರಿಕೆಟ್ಟಿನ ಟೆಸ್ಟ್ ಸರಣಿ ಆ ಪ್ರಶ್ನೆಯನ್ನೇ ಆಟವನ್ನಾಗಿ ಮಾಡಿಕೊಂಡಿದೆ. ಅವೇ ಎರಡು ತಂಡಗಳು, ಹೆಚ್ಚುಕಡಿಮೆ ಅವೇ ಹನ್ನೊಂದು ಜನ, ಎರಡು ತಿಂಗಳಲ್ಲಿ ಐದು ಸಲ ಎದುರುಬದುರಾಗುತ್ತಾರೆ. ಬಲಶಾಲಿಯಾದವರು ಐದೂ ಸಲ ಗೆಲ್ಲಬೇಕು, ಸಮಬಲದವರು ಐದೂ ಸಲ ಸಮಸಮ ಆಡಬೇಕು ಎಂಬುದು ಸಾಮಾನ್ಯ ತರ್ಕ. ಆದರೆ ಆಗುವುದೇ ಬೇರೆ. ಇವತ್ತು ಮಕಾಡೆ ಬಿದ್ದ ತಂಡ ಹತ್ತು ದಿನ ಕಳೆದು ಅದೇ ಎದುರಾಳಿಯನ್ನು ಧೂಳೀಪಟ ಮಾಡುತ್ತದೆ. ಹೀಗೇಕೆ ಎಂಬುದನ್ನು ನೋಡಲು ಕನ್ನಡಿಗರಿಗೆ ದೂರ ಹೋಗಬೇಕಾಗಿಲ್ಲ. ಎರಪಳ್ಳಿ ಪ್ರಸನ್ನ, ಬಿ.ಎಸ್. ಚಂದ್ರಶೇಖರ್, ಜಿ.ಆರ್. ವಿಶ್ವನಾಥ್ ಆಡಿದ ಎರಡು ಸರಣಿಗಳೇ ಸಾಕು. ಒಂದು 1974-75ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ನೆಲದಲ್ಲಿ; ಇನ್ನೊಂದು 1977-78ರಲ್ಲಿ ಆಸ್ಟ್ರೇಲಿಯದಲ್ಲಿ. ಎರಡರಲ್ಲೂ ಐದೈದು ಟೆಸ್ಟ್. ಎರಡರಲ್ಲೂ ಭಾರತದ ಫಲಿತಾಂಶ ಅಕ್ಷರಶಃ ಒಂದೇ: ಸೋಲು, ಸೋಲು, ಗೆಲುವು, ಗೆಲುವು, ಸೋಲು.

ಮೊದಲನೆಯದು ಶುರುವಾದದ್ದು ಬೆಂಗಳೂರಿನಲ್ಲಿ. ಆ ವರ್ಷವಷ್ಟೇ ಕರ್ನಾಟಕ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದು, ಹದಿನೈದು ವರ್ಷ ಸತತವಾಗಿ ನಡೆದಿದ್ದ ಬೊಂಬಾಯಿಯ ದರ್ಬಾರಿಗೆ ತೆರೆ ಎಳೆದಿತ್ತು. ನಗರಕ್ಕೆ ಮೊಟ್ಟಮೊದಲ ಟೆಸ್ಟ್ ಪಂದ್ಯ ಬಂದದ್ದು 1974ರ ನವೆಂಬರ್ 22ರಂದು. ಫಲಿತಾಂಶ ಮಾತ್ರ ಹಬ್ಬದಂತಿರಲಿಲ್ಲ. ನಾಯಕ ಪಟೌಡಿ ಮತ್ತು ಫರೂಕ್ ಎಂಜಿನಿಯರ್ ಇಬ್ಬರೂ ಗಾಯಗೊಂಡು ಎರಡನೆಯ ಇನಿಂಗ್ಸ್‌ನಲ್ಲಿ ಬ್ಯಾಟು ಹಿಡಿಯಲಾಗಲಿಲ್ಲ. ಭಾರತ 118ಕ್ಕೆ ಮುಗಿದು, 267 ರನ್‌ಗಳಿಂದ ಸೋತಿತು. ದೆಹಲಿಯಲ್ಲಿ ಇನ್ನೂ ಕೆಟ್ಟದಾಯಿತು: ಒಂದು ಇನಿಂಗ್ಸ್ ಮತ್ತು 17 ರನ್ ಸೋಲು. ಬೆಂಗಳೂರಿನಲ್ಲಿ ಆಗಷ್ಟೇ ಟೆಸ್ಟ್‌ಗೆ ಕಾಲಿಟ್ಟಿದ್ದ ವಿವಿಯನ್ ರಿಚರ್ಡ್ಸ್ ಎಂಬ ಹುಡುಗನನ್ನು ಚಂದ್ರಶೇಖರ್ ಎರಡೂ ಇನಿಂಗ್ಸ್‌ನಲ್ಲಿ ಔಟ್ ಮಾಡಿದ್ದರು, 4ಕ್ಕೆ ಮತ್ತು 3ಕ್ಕೆ. ಅದೇ ಹುಡುಗ ದೆಹಲಿಯಲ್ಲಿ ಔಟಾಗದೆ 192 ಹೊಡೆದ. ಎರಡು ಪಂದ್ಯಗಳ ನಡುವಿನ ಕೆಲವೇ ದಿನಗಳಲ್ಲಿ ಅವನು ಬ್ಯಾಟಿಂಗ್ ಕಲಿತುಬಿಟ್ಟನೆಂದು ಯಾರೂ ಹೇಳಲಾರರು.

ಎರಡು ಸೋಲು ಮೇಲಿಂದ ಮೇಲೆ ಬಂದ ಮೇಲೆ ಕಲ್ಕತ್ತದಲ್ಲಿ ಗಾಳಿ ತಿರುಗಿತು. ವಿಶ್ವನಾಥ್ ಮೊದಲು 52, ಆಮೇಲೆ 139 ಹೊಡೆದರು. 310 ರನ್ ಗುರಿ ಹೊತ್ತ ವೆಸ್ಟ್ ಇಂಡೀಸ್ ಕೊನೆಯ ದಿನ ಬೇಡಿ, ಚಂದ್ರಶೇಖರ್ ಕೈಗೆ ಸಿಕ್ಕಿ 224ಕ್ಕೆ ಕುಸಿಯಿತು. ನಾಯಕ ಕ್ಲೈವ್ ಲಾಯ್ಡ್ ಅವರ ಸ್ಟಂಪು ಹಾರಿಸಿದ್ದು ಚಂದ್ರಶೇಖರ್. ಮದ್ರಾಸಿನಲ್ಲಿ ಆಂಡಿ ರಾಬರ್ಟ್ಸ್ 64 ರನ್‌ಗೆ 7 ವಿಕೆಟ್ ಕಿತ್ತಾಗ ಭಾರತದ ಮೊತ್ತ ಬರೀ 190. ಅದರಲ್ಲಿ ವಿಶ್ವನಾಥ್ ಒಬ್ಬರದೇ ಔಟಾಗದ 97. ಹಳೆಯ ತಲೆಮಾರಿನವರು ಇಂದಿಗೂ ವಿಶಿಯ ಶತಕಗಳನ್ನು ಬಿಟ್ಟು ಆ ಶತಕವಲ್ಲದ ಆಟವನ್ನೇ ನೆನೆಯುತ್ತಾರೆ. ಪ್ರಸನ್ನ ಎರಡು ಇನಿಂಗ್ಸ್ ಸೇರಿ 9 ವಿಕೆಟ್ ಪಡೆದರು. ಭಾರತ 100 ರನ್‌ಗಳಿಂದ ಗೆದ್ದು ಸರಣಿ 2-2 ಆಯಿತು. ಬೊಂಬಾಯಿಯ ಹೊಸ ವಾಂಖೆಡೆ ಕ್ರೀಡಾಂಗಣದಲ್ಲಿ ಲಾಯ್ಡ್ ಔಟಾಗದೆ 242 ಹೊಡೆದು ಲೆಕ್ಕ ಚುಕ್ತಾ ಮಾಡಿದರು. 201 ರನ್ ಸೋಲು.

ಇಂಥ ಏರಿಳಿತ ಕಂಡಾಗ ಪತ್ರಿಕೆಗಳಿಗೂ ಅಭಿಮಾನಿಗಳಿಗೂ ಕಾರಣಗಳು ಥಟ್ಟನೆ ಹೊಳೆಯುತ್ತವೆ. ಸೋತಾಗ ‘ತಂಡ ಮನೋಬಲ ಕಳೆದುಕೊಂಡಿತ್ತು’, ಗೆದ್ದಾಗ ‘ಹುರುಪು ತುಂಬಿತ್ತು’. ಈ ಬಗೆಯ ಕಾರಣಗಳಲ್ಲಿ ಒಂದು ದೋಷವಿದೆ. ಅವು ಫಲಿತಾಂಶ ಗೊತ್ತಾದ ಮೇಲೆ ಹುಟ್ಟುತ್ತವೆ, ಮೊದಲು ಹುಟ್ಟುವುದಿಲ್ಲ. ಸುನಿಲ್ ಗಾವಸ್ಕರ್ ಅವರ ಸಂಗತಿಯನ್ನೇ ನೋಡಿ. ಬೆರಳಿಗೆ ಪೆಟ್ಟಾಗಿ ಅವರು ಆ ಸರಣಿಯ ನಡುವಿನ ಮೂರು ಟೆಸ್ಟ್ ಆಡಲಿಲ್ಲ. ಭಾರತ ಗೆದ್ದ ಎರಡೂ ಪಂದ್ಯಗಳಲ್ಲಿ ಅವರಿರಲಿಲ್ಲ; ಅವರಿದ್ದ ಎರಡೂ ಪಂದ್ಯಗಳಲ್ಲಿ ಭಾರತ ಸೋತಿತು. ಬರಿಯ ಫಲಿತಾಂಶದ ಪಟ್ಟಿ ಹಿಡಿದು ತರ್ಕ ಮಾಡುವವರು ಗಾವಸ್ಕರ್ ಇಲ್ಲದಿದ್ದರೇ ತಂಡಕ್ಕೆ ಒಳ್ಳೆಯದೆಂದು ಹೇಳಬೇಕಾಗುತ್ತದೆ! ಅಂಥ ಮಾತು ಹುಚ್ಚುತನವೆಂದು ಎಲ್ಲರಿಗೂ ಗೊತ್ತು. ಆದರೆ ‘ಹುರುಪು’ ಎಂಬ ಕಾರಣಕ್ಕಿರುವ ಆಧಾರ ಇದಕ್ಕಿಂತ ಗಟ್ಟಿಯಾದದ್ದೇನಲ್ಲ.

ಎರಡನೆಯ ಸರಣಿ ಇನ್ನೂ ಸ್ವಾರಸ್ಯದ್ದು. 1977ರಲ್ಲಿ ಕೆರ್ರಿ ಪ್ಯಾಕರ್ ಎಂಬ ಶ್ರೀಮಂತ ಆಸ್ಟ್ರೇಲಿಯದ ಪ್ರಮುಖ ಆಟಗಾರರನ್ನು ದುಡ್ಡು ಕೊಟ್ಟು ತನ್ನ ಖಾಸಗಿ ಪಂದ್ಯಗಳಿಗೆ ಎಳೆದುಕೊಂಡ. ಉಳಿದ ಹೊಸಬರನ್ನು ನಡೆಸಲು ಆಟದಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದ, 41 ವರ್ಷದ ಬಾಬ್ ಸಿಂಪ್ಸನ್ ಅವರನ್ನು ಕರೆತಂದು ನಾಯಕನ ಪಟ್ಟ ಕಟ್ಟಲಾಯಿತು. ಬಿಷನ್ ಸಿಂಗ್ ಬೇಡಿ ನಾಯಕತ್ವದ ಭಾರತ ತಂಡದಲ್ಲಿ ಚಂದ್ರಶೇಖರ್, ಪ್ರಸನ್ನ, ವಿಶ್ವನಾಥ್ ಜತೆಗೆ ವಿಕೆಟ್ ಹಿಂದೆ ಸಯ್ಯದ್ ಕಿರ್ಮಾನಿ ಇದ್ದರು. ಅರ್ಧ ಕರ್ನಾಟಕವೇ ಎಂದರೆ ಹೆಚ್ಚಾಗಲಾರದು.

ಬ್ರಿಸ್ಬೇನ್‌ನಲ್ಲಿ 341 ರನ್ ಗುರಿಯನ್ನು ಬೆನ್ನಟ್ಟಿದ ಭಾರತ 324ಕ್ಕೆ ಬಂದು ನಿಂತಿತು. 16 ರನ್ ಸೋಲು. ಪರ್ತ್‌ನಲ್ಲಿ ಭಾರತ 402 ಹಾಗೂ 9 ವಿಕೆಟ್‌ಗೆ 330 ಹೊಡೆದೂ ಸೋತಿತು. 339ರ ಗುರಿಯನ್ನು ಆಸ್ಟ್ರೇಲಿಯ 8 ವಿಕೆಟ್ ಕಳೆದುಕೊಂಡು ಮುಟ್ಟಿತು. ಸಂಜೆಯ ಹೊತ್ತಿನಲ್ಲಿ ಒಳ್ಳೆಯ ಬ್ಯಾಟ್ಸ್‌ಮನ್‌ಗಳನ್ನು ಉಳಿಸಲೆಂದು ಮುಂದೆ ತಳ್ಳಿದ್ದ ಟೋನಿ ಮನ್ ಎಂಬ ಬೌಲರ್ ಮರುದಿನ ಶತಕವನ್ನೇ ಹೊಡೆದ. ಮೂರನೆಯದು ಮೆಲ್ಬರ್ನ್. ಪೋಲಿಯೊದಿಂದ ಸೊರಗಿದ ಬಲಗೈಯಲ್ಲೇ ಚೆಂಡು ಎಸೆಯುತ್ತಿದ್ದ ಚಂದ್ರಶೇಖರ್ ಮೊದಲ ಇನಿಂಗ್ಸ್‌ನಲ್ಲಿ 52 ರನ್‌ಗೆ 6 ವಿಕೆಟ್, ಎರಡನೆಯದರಲ್ಲೂ 52 ರನ್‌ಗೆ 6 ವಿಕೆಟ್ ಪಡೆದರು. ಭಾರತ 222 ರನ್‌ಗಳಿಂದ ಗೆದ್ದಿತು. ಆಸ್ಟ್ರೇಲಿಯದ ನೆಲದಲ್ಲಿ ಭಾರತಕ್ಕೆ ಅದು ಮೊಟ್ಟಮೊದಲ ಟೆಸ್ಟ್ ಜಯ. ಸಿಡ್ನಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಆಸ್ಟ್ರೇಲಿಯ 131ಕ್ಕೆ ಉರುಳಿ, ಒಂದು ಇನಿಂಗ್ಸ್ ಮತ್ತು 2 ರನ್ ಸೋತಿತು. ಅಡಿಲೇಡ್‌ನ ಐದನೆಯ ಟೆಸ್ಟ್‌ನಲ್ಲಿ 493 ರನ್ ಎಂಬ ಬೆಟ್ಟದಂಥ ಗುರಿಯನ್ನು ಹತ್ತಲು ಹೋದ ಭಾರತ 445ರವರೆಗೆ ಹತ್ತಿ ಜಾರಿತು. 47 ರನ್ ಸೋಲು, ಸರಣಿ 2-3.

ಈ ಐದು ಪಂದ್ಯಗಳ ರನ್‌ಗಳನ್ನು ಕೂಡಿಸಿ ನೋಡಿದರೆ ಒಂದು ಚೋದ್ಯ ಕಾಣುತ್ತದೆ. ಭಾರತ ಗಳಿಸಿದ ಒಟ್ಟು ರನ್ 2918. ಆಸ್ಟ್ರೇಲಿಯ ಗಳಿಸಿದ್ದು 2761. ಸರಣಿ ಸೋತವರೇ ಗೆದ್ದವರಿಗಿಂತ 157 ರನ್ ಹೆಚ್ಚು ಹೊಡೆದಿದ್ದರು! ಅದೂ ಆಸ್ಟ್ರೇಲಿಯಕ್ಕಿಂತ ಒಂದು ಇನಿಂಗ್ಸ್ ಕಡಿಮೆ ಆಡಿ. ಗೆದ್ದಾಗ ದೊಡ್ಡದಾಗಿ ಗೆದ್ದು, ಸೋತಾಗ ಕೂದಲೆಳೆಯಲ್ಲಿ ಸೋತದ್ದರ ಫಲವಿದು. 1974-75ರ ಸರಣಿಯಲ್ಲಿ ಸ್ಥಿತಿ ತಿರುಗುಮುರುಗು. ಅಲ್ಲಿ ಸೋಲುಗಳೇ ಭಾರಿ, ಗೆಲುವುಗಳು ಅವಕ್ಕಿಂತ ಸಣ್ಣವು. ಹೊರಗಿನಿಂದ ಎರಡೂ ಒಂದೇ ಅಚ್ಚಿನವು. ಒಳಗೆ ನೋಡಿದರೆ ಒಂದರಲ್ಲಿ ಎದುರಾಳಿ ನಿಜವಾಗಿಯೂ ಹೆಚ್ಚಿನವನು. ಇನ್ನೊಂದರಲ್ಲಿ ಸೋತವರೇ ಮೇಲಾಗಿದ್ದರೆಂದು ವಾದಿಸಬಹುದು.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಇದಕ್ಕೆ ಸರಿಜೋಡಿಯಾದ ಪ್ರಸಂಗವೊಂದಿದೆ. ಅಲ್ಲಿ ಋತುವಿನ ಕೊನೆಗೆ ಎರಡು ತಂಡಗಳು ಏಳು ಪಂದ್ಯಗಳವರೆಗೆ ಸೆಣಸಿ, ಮೊದಲು ನಾಲ್ಕು ಗೆದ್ದವರು ಕಿರೀಟ ಧರಿಸುತ್ತಾರೆ. 1960ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ತನ್ನ ಮೂರು ಪಂದ್ಯಗಳನ್ನು 16-3, 10-0, 12-0 ಅಂತರದಿಂದ ಗೆದ್ದಿತು. ಪಿಟ್ಸ್‌ಬರ್ಗ್ ಪೈರೇಟ್ಸ್ ತನ್ನ ನಾಲ್ಕನ್ನು 6-4, 3-2, 5-2, 10-9ರಿಂದ ಗೆದ್ದಿತು. ಒಟ್ಟು ರನ್ ಯಾಂಕೀಸ್‌ಗೆ 55, ಪೈರೇಟ್ಸ್‌ಗೆ 27. ಕಿರೀಟ ಹೋದದ್ದು 27ರ ಕಡೆಗೆ. ಅಲ್ಲಿನ ಕ್ರೀಡಾಪ್ರೇಮಿಗಳು ಆರು ದಶಕ ಕಳೆದರೂ ಅದನ್ನು ಮರೆತಿಲ್ಲ. ಬೇಸ್‌ಬಾಲ್‌ನಲ್ಲಿ ಈ ಏರಿಳಿತಕ್ಕೆ ಒಂದು ಸ್ಪಷ್ಟ ಕಾರಣವೂ ಉಂಟು: ಚೆಂಡೆಸೆಯುವ ಮುಖ್ಯ ಆಟಗಾರ ಪಂದ್ಯದಿಂದ ಪಂದ್ಯಕ್ಕೆ ಬದಲಾಗುತ್ತಾನೆ. ಒಬ್ಬನೇ ದಿನಾಲೂ ಎಸೆದರೆ ತೋಳು ಉಳಿಯುವುದಿಲ್ಲ. ಹೆಸರು ಒಂದೇ ಆದರೂ ಸೋಮವಾರದ ತಂಡ ಬೇರೆ, ಮಂಗಳವಾರದ ತಂಡ ಬೇರೆ. ಅಲ್ಲಿ ಒಂದು ಋತುವಿಗೆ 162 ಪಂದ್ಯ. ಇತಿಹಾಸದ ಅತ್ಯುತ್ತಮ ದಾಖಲೆಗಳಲ್ಲಿ ಒಂದೆನಿಸಿದ 2001ರ ಸಿಯಾಟಲ್ ತಂಡ ಕೂಡ 116 ಗೆದ್ದು 46 ಸೋತಿತ್ತು.

ಹಾಗಾದರೆ ಒಂದು ಸರಣಿಯ ಏರಿಳಿತದಲ್ಲಿ ಆಕಸ್ಮಿಕದ ಪಾಲೆಷ್ಟು? ಇದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಒಂದು ನಾಣ್ಯವನ್ನು ಐದು ಸಲ ಚಿಮ್ಮಿಸಿ, ಒಂದು ಮುಖ ಗೆಲುವು, ಇನ್ನೊಂದು ಸೋಲು ಎಂದು ಬರೆದುಕೊಂಡರೆ ಬರಬಹುದಾದ ಸಾಲುಗಳು ಒಟ್ಟು 32. ಅವುಗಳಲ್ಲಿ ಗೆಲುವು-ಸೋಲು ಸರದಿಯಂತೆ ಒಂದಾದ ಮೇಲೊಂದು ಬರುವುದು ಎರಡೇ ಎರಡು ಸಾಲುಗಳಲ್ಲಿ. ಮಿಕ್ಕ 30ರಲ್ಲಿ ಎಲ್ಲೋ ಒಂದು ಕಡೆ ಎರಡಾದರೂ ಗೆಲುವು ಅಥವಾ ಎರಡಾದರೂ ಸೋಲು ಬೆನ್ನುಬೆನ್ನಿಗೆ ಬಂದೇ ಬರುತ್ತವೆ. 16ರಲ್ಲಿ, ಅಂದರೆ ಸರಿ ಅರ್ಧದಷ್ಟರಲ್ಲಿ, ಮೂರು ಅಥವಾ ಹೆಚ್ಚು ಒಂದೇ ಸಾಲಾಗಿ ಬರುತ್ತವೆ. ನಾಣ್ಯಕ್ಕೆ ಹುರುಪೂ ಇಲ್ಲ, ಮನೋಬಲವೂ ಇಲ್ಲ. ಎರಡು ಸೋಲು ಒಟ್ಟಿಗೆ ಬಂದದ್ದರಿಂದಲೇ ತಂಡ ‘ಕುಸಿದಿದೆ’ ಎಂದಾಗಲೀ, ಎರಡು ಗೆಲುವು ಬಂದದ್ದರಿಂದಲೇ ‘ಎದ್ದಿದೆ’ ಎಂದಾಗಲೀ ತೀರ್ಮಾನಿಸಲು ಬರುವುದಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಕಟುವಾದದ್ದು. ಎರಡು ತಂಡಗಳಲ್ಲಿ ಒಂದು ನಿಜಕ್ಕೂ ಮೇಲು, ಹತ್ತರಲ್ಲಿ ಆರು ಪಂದ್ಯ ಗೆಲ್ಲುವಷ್ಟು ಮೇಲು ಎಂದಿಟ್ಟುಕೊಳ್ಳೋಣ. ಡ್ರಾ ಎಂಬುದನ್ನು ಬದಿಗಿಟ್ಟು ಲೆಕ್ಕ ಮಾಡಿದರೆ, ಐದು ಪಂದ್ಯಗಳ ಸರಣಿಯನ್ನು ಆ ಮೇಲಾದ ತಂಡ ನೂರಕ್ಕೆ ಸುಮಾರು 32 ಸಲ ಸೋಲುತ್ತದೆ. ಮೂರು ಸರಣಿಗೆ ಒಂದರಂತೆ ಕಿರೀಟ ತಪ್ಪಾದ ತಲೆಯ ಮೇಲೆ ಕೂರುತ್ತದೆ ಎಂದಾಯಿತು. ಯಾರ ಬಲ ಎಷ್ಟೆಂದು ಅಳೆಯಲು ಐದು ಪಂದ್ಯ ಬಹಳ ಸಣ್ಣ ಅಳತೆಗೋಲು.

ಹಾಗೆಂದು ಎಲ್ಲವೂ ಅದೃಷ್ಟದ ಆಟ ಎಂದು ಕೈಚೆಲ್ಲುವುದೂ ಸರಿಯಲ್ಲ. ಆಡುವ ನೆಲವೇ ಪಂದ್ಯದಿಂದ ಪಂದ್ಯಕ್ಕೆ ಬದಲಾಗುತ್ತದೆ, ಮತ್ತು ನೆಲದ ಮಾತನ್ನು ಧಾರವಾಡ ಜಿಲ್ಲೆಯ ಒಕ್ಕಲಿಗನಿಗೆ ಬಿಡಿಸಿ ಹೇಳಬೇಕಾಗಿಲ್ಲ. ನವಲಗುಂದ, ಅಣ್ಣಿಗೇರಿಯ ಎರಿ ಹೊಲ ಮಳೆ ಬಿದ್ದರೆ ಉಬ್ಬಿ ಕಾಲಿಗೆ ಅಂಟುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲ ಬಿರಿಯುತ್ತದೆ. ಅದೇ ಜಿಲ್ಲೆಯ ಕಲಘಟಗಿ ಕಡೆ ಹೋದರೆ ಮಳೆ ಹೆಚ್ಚು, ಮಣ್ಣು ಕೆಂಪು, ನಡತೆಯೇ ಬೇರೆ. ಎರಿಯಲ್ಲಿ ಬೆಳೆಯುವ ಕಡಲೆ, ಬಿಳಿಜೋಳದ ಬೇಸಾಯವನ್ನು ಹಾಗೆಯೇ ಎತ್ತಿಕೊಂಡು ಹೋಗಿ ಕಲಘಟಗಿಯ ಭತ್ತದ ಗದ್ದೆಯಲ್ಲಿ ಮಾಡುತ್ತೇನೆಂದರೆ ನಗುತ್ತಾರೆ. ಕ್ರಿಕೆಟ್ ಪಿಚ್ಚು ಕೂಡ ಜಿಗುಟು ಮಣ್ಣನ್ನು ನೀರುಣಿಸಿ, ರೋಲರ್ ಎಳೆದು ಗಟ್ಟಿ ಮಾಡಿದ ಪಟ್ಟಿ. ಮೊದಲ ದಿನ ಒಳಗೆ ಪಸೆ ಇರುವಾಗ ಚೆಂಡು ಒಂದು ರೀತಿ ಏಳುತ್ತದೆ. ನಾಲ್ಕನೆಯ ದಿನ ಪಸೆ ಆರಿ, ಬಿರುಕು ಬಿಟ್ಟು, ಮೇಲ್ಪದರ ಪುಡಿಯಾದಾಗ ತಿರುಗುವ ಚೆಂಡಿಗೆ ಹಿಡಿತ ಸಿಗುತ್ತದೆ. ಪರ್ತ್‌ನ ಪಿಚ್ಚು ವೇಗಕ್ಕೂ ಪುಟಿತಕ್ಕೂ ಹೆಸರಾಗಿತ್ತು; ಸಿಡ್ನಿ ಮೊದಲಿನಿಂದಲೂ ಸ್ಪಿನ್ನಿಗೆ ಒಲಿದ ಊರು. ಭಾರತದ ಗೆಲುವು ಸಿಡ್ನಿಯಲ್ಲೂ ಸೋಲು ಪರ್ತ್‌ನಲ್ಲೂ ಬಂದದ್ದರಲ್ಲಿ ಮಣ್ಣಿನ ಪಾಲು ಇದ್ದೀತು.

ಇದ್ದೀತು ಎಂದಷ್ಟೇ ಹೇಳಬೇಕು. ಯಾಕೆಂದರೆ ಆ ಪರ್ತ್‌ನಲ್ಲೇ ಸ್ಪಿನ್ನರ್ ಬೇಡಿ ಎರಡೂ ಇನಿಂಗ್ಸ್‌ನಲ್ಲಿ ಐದೈದು, ಒಟ್ಟು ಹತ್ತು ವಿಕೆಟ್ ಪಡೆದರು. ಮಣ್ಣಿನ ವಾದವನ್ನು ಪೂರ್ತಿ ನಂಬಿದವರಿಗೆ ಇದು ಬಿಸಿತುಪ್ಪ.

ಜನವೂ ಬದಲಾಗುತ್ತಾರೆ. ಸಿಡ್ನಿಯಲ್ಲಿ ಸೋತ ಮೇಲೆ ಆಸ್ಟ್ರೇಲಿಯದ ಆಯ್ಕೆದಾರರು ಅಡಿಲೇಡ್‌ಗೆ ತಂಡವನ್ನೇ ಜಾಲಾಡಿ, ನಾಲ್ವರು ಹೊಸಬರಿಗೆ ಒಮ್ಮೆಗೇ ಟೆಸ್ಟ್ ಟೋಪಿ ಕೊಟ್ಟರು. ಮರಳಿ ಬಂದ ಗ್ರಹಾಂ ಯಾಲಪ್ 121, ನಾಯಕ ಸಿಂಪ್ಸನ್ 100 ಹೊಡೆದು ಮೊತ್ತ 505ಕ್ಕೆ ಹೋಯಿತು. ಮೆಲ್ಬರ್ನ್, ಸಿಡ್ನಿಯಲ್ಲಿ ಗೆದ್ದದ್ದು ಯಾರ ಮೇಲೋ, ಅಡಿಲೇಡ್‌ನಲ್ಲಿ ಎದುರು ನಿಂತವರು ಪೂರ್ತಿ ಅವರೇ ಆಗಿರಲಿಲ್ಲ. ಚಂದ್ರಶೇಖರ್ ಅಂಥ ಬೌಲರ್‌ನ ಮಾತಂತೂ ಬೇರೆಯೇ. ವಾರಕ್ಕೆ ಇಷ್ಟು ಎಂದು ಅಳೆದು ವಿಕೆಟ್ ಕೊಡುವ ಜಾತಿ ಅವರದಲ್ಲ. ಆ ಸರಣಿಯಲ್ಲಿ ಅವರು ಪಡೆದ 28 ವಿಕೆಟ್‌ಗಳಲ್ಲಿ 12 ಮೆಲ್ಬರ್ನ್ ಒಂದರಲ್ಲೇ ಬಂದವು. ಅಂಥವರನ್ನು ನೆಚ್ಚಿದ ತಂಡದ ಏರಿಳಿತ ಹೆಚ್ಚೇ ಇರುತ್ತದೆ. ಒಲಿದ ದಿನ ಎದುರಾಳಿಗೆ ಉಳಿಗಾಲವಿಲ್ಲ, ಒಲಿಯದ ದಿನ ರನ್ ಸೋರಿಹೋಗುತ್ತದೆ. ಒಲಿದ ದಿನಗಳಿಗಾಗಿ ಒಲಿಯದ ದಿನಗಳನ್ನು ಸಹಿಸಿಕೊಳ್ಳಬೇಕೆಂಬುದು ಆಗಿನ ನಾಯಕರಿಗೆ ಗೊತ್ತಿತ್ತು.

ಇನ್ನೂ ಒಂದು ಸಂಗತಿ ಇದೆ, ಅದು ಬೇಸಾಯದಲ್ಲೂ ಕಾಣುವಂಥದು. ಒಂದು ವರ್ಷ ಮೆಣಸಿನಕಾಯಿ ಎಂದೂ ಕಾಣದಷ್ಟು ಬಂತೆನ್ನಿ. ಮರುವರ್ಷ ಅಷ್ಟು ಬಾರದಿರುವುದೇ ಹೆಚ್ಚು ಸಂಭವ. ಹೊಲ ಕೆಟ್ಟಿತೆಂದಲ್ಲ, ಮಳೆ, ಬಿಸಿಲು, ರೋಗವಿಲ್ಲದಿರುವುದು ಎಲ್ಲ ಕೂಡಿಬಂದ ವರ್ಷ ಮತ್ತೆ ಮತ್ತೆ ಬರುವುದಿಲ್ಲ ಎಂದಷ್ಟೇ. ತೀರಾ ಕೆಟ್ಟ ವರ್ಷದ ಮುಂದಿನ ವರ್ಷ ಸುಧಾರಿಸುವುದೂ ಹೀಗೆಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಬಟಾಣಿ ಬೀಜಗಳ ಗಾತ್ರ, ತಂದೆತಾಯಿ-ಮಕ್ಕಳ ಎತ್ತರ ಅಳೆದು ಈ ಸರಾಸರಿಯತ್ತ ಮರಳುವ ಗುಣವನ್ನು ಗುರುತಿಸಿದ. 2020ರ ಡಿಸೆಂಬರ್‌ನಲ್ಲಿ ಭಾರತ ಅಡಿಲೇಡ್‌ನಲ್ಲಿ 36 ರನ್‌ಗೆ ಸರ್ವಪತನ ಕಂಡು, ಅದೇ ತಿಂಗಳು ಮೆಲ್ಬರ್ನ್‌ನಲ್ಲಿ 8 ವಿಕೆಟ್‌ಗಳಿಂದ ಗೆದ್ದಾಗ ಪವಾಡವೆಂದು ಬರೆದವರು ಬಹಳ. ಆಟಗಾರರ ಕೆಚ್ಚನ್ನು ಅಲ್ಲಗಳೆಯುವಂತಿಲ್ಲ. ಆದರೆ 36 ಎಂಬುದು ಆ ತಂಡದ ನಿಜವಾದ ಯೋಗ್ಯತೆ ಆಗಿರಲೇ ಇಲ್ಲ. ಅಲ್ಲಿಂದ ಹೋಗಲು ಇದ್ದ ದಾರಿ ಮೇಲಕ್ಕೆ ಮಾತ್ರ.

ಈ ಲೆಕ್ಕಾಚಾರ ಬರೀ ಕಟ್ಟೆಯ ಮೇಲಿನ ಹರಟೆಯಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಒಂದೆರಡು ಪಂದ್ಯಗಳ ಏರಿಳಿತ ನೋಡಿ ಆಟಗಾರರ ಹಣೆಬರಹ ಬರೆಯುವ ರೂಢಿ ಎಲ್ಲ ಕಾಲಕ್ಕೂ ಇದೆ. 1974ರಲ್ಲಿ ಪಟೌಡಿ ಗಾಯಗೊಂಡಿದ್ದರಿಂದ ದೆಹಲಿ ಟೆಸ್ಟ್‌ಗೆ ವೆಂಕಟರಾಘವನ್ ನಾಯಕರಾದರು. ಆ ಪಂದ್ಯ ಸೋತು, ಮುಂದಿನ ಕಲ್ಕತ್ತ ಟೆಸ್ಟ್‌ಗೆ ಅವರು ಹನ್ನೆರಡನೆಯ ಆಟಗಾರ! ನಾಯಕನಾಗಿದ್ದವನು ಮರುಪಂದ್ಯದಲ್ಲೇ ನೀರು ಹೊತ್ತು ತರುವವನಾದ ಉದಾಹರಣೆ ಕ್ರಿಕೆಟ್ ಚರಿತ್ರೆಯಲ್ಲಿ ಅಪರೂಪ.

ಹುಬ್ಬಳ್ಳಿಯಿಂದ ಅಣ್ಣಿಗೇರಿ ದಾಟಿ ಹೋದರೆ ಸಿಗುವ ಗದಗ 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿತ್ತು. ಅಲ್ಲಿಯ ಹುಡುಗ ಸುನಿಲ್ ಜೋಶಿ ಬೆಳಗಿನ ಜಾವ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಗದಗಕ್ಕೆ ಮರಳುತ್ತಿದ್ದರು. 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯ ಒಂದು ದಿನದ ಪಂದ್ಯದಲ್ಲಿ ಅವರು ದಕ್ಷಿಣ ಆಫ್ರಿಕದ ವಿರುದ್ಧ 10 ಓವರ್ ಎಸೆದು, 6 ಮೇಡನ್, ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ದಕ್ಷಿಣ ಆಫ್ರಿಕ 117ಕ್ಕೆ ಮುಗಿಯಿತು, ಭಾರತ 8 ವಿಕೆಟ್‌ಗಳಿಂದ ಗೆದ್ದಿತು. ಒಂದು ವಾರ ಕಳೆದು ಅದೇ ಊರಿನಲ್ಲಿ ನಡೆದ ಫೈನಲ್‌ನಲ್ಲಿ ಅದೇ ದಕ್ಷಿಣ ಆಫ್ರಿಕ ಭಾರತವನ್ನು 26 ರನ್‌ಗಳಿಂದ ಸೋಲಿಸಿ ಕಪ್ ಒಯ್ದಿತು. 2000ದ ನವೆಂಬರ್‌ನಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್ ಢಾಕಾದಲ್ಲಿ ನಡೆದಾಗ ಜೋಶಿ 92 ರನ್ ಹೊಡೆದು, ಎಂಟು ವಿಕೆಟ್ ಪಡೆದು ಪಂದ್ಯದ ಆಟಗಾರರೆನಿಸಿದರು. ಅದೇ ತಿಂಗಳ ಕೊನೆಗೆ ಜಿಂಬಾಬ್ವೆ ವಿರುದ್ಧ ನಾಗಪುರದಲ್ಲಿ ಆಡಿದ್ದೇ ಅವರ ಕಡೆಯ ಟೆಸ್ಟ್. ಆಗ ಅವರಿಗೆ 30 ವರ್ಷ. ಟೆಸ್ಟ್‌ನಲ್ಲಿ ಅವರ ಲೆಕ್ಕ 15 ಪಂದ್ಯ, 41 ವಿಕೆಟ್‌ಗಳಿಗೆ ನಿಂತಿತು. ಆಮೇಲೂ ವರ್ಷಗಟ್ಟಲೆ ಬೌಲ್ ಮಾಡುತ್ತ ಹೋದ ಜೋಶಿ ಪ್ರಥಮ ದರ್ಜೆಯಲ್ಲಿ ಪಡೆದ ವಿಕೆಟ್‌ಗಳು 600ಕ್ಕೂ ಹೆಚ್ಚು.